ನೋಡಲಿಕ್ಕೆಂದೇ ಹೊರಟವಳು

ನಮ್ಮ ಅತ್ತಿಗೆ ಗುರುಶಾಂತಮ್ಮ ತೀರಿಕೊಂಡಾಗ ಊರಿನವರು ಮಠದ ಮುಂದೆ ಸೇರಿ ನಾಲ್ಕು ಒಳ್ಳೆಯ ಮಾತಾಡಿದರು. ಮೈಕು ಹಿಡಿದವರದೆಲ್ಲ ಒಂದೇ ರಾಗ. ಮಹಾ ದೈವಭಕ್ತೆಯಂತೆ, ಊರಿನ ಹೆಣ್ಣುಮಕ್ಕಳಿಗೆ ಪುಣ್ಯಕ್ಷೇತ್ರಗಳ ದರ್ಶನ ಮಾಡಿಸಿದ ತಾಯಿಯಂತೆ. ಕೇಳುತ್ತ ಕುಳಿತಿದ್ದ ನನಗೆ ಮೈಯೆಲ್ಲ ಉರಿಯಿತು. ಬದುಕಿದ್ದಾಗ ಅವಳ ಮೇಲೆ ಹಲ್ಲು ಮಸೆದವರ ಮಕ್ಕಳೇ ಇವರು. ಸತ್ತ ಮೇಲೆ ಭಕ್ತಿಯ ಹಾರ ಹಾಕಿ, ಅವಳು ಮಾನ ಪಣಕ್ಕಿಟ್ಟು ಆಡಿದ ಮಾತನ್ನು ಅವಳ ಜೊತೆಗೇ ಮಣ್ಣು ಮಾಡಿಬಿಟ್ಟರು. ಅವಳು ದೇವರಿಗೆ ಹೋದವಳಲ್ಲ, ನೋಡಲಿಕ್ಕೆ ಹೋದವಳು. ಅದನ್ನು ಹೇಳಲು ನಾನೊಬ್ಬಳು ಉಳಿದಿದ್ದೇನೆ, ಹೇಳಿಯೇ ತೀರುತ್ತೇನೆ.

ನಾನು ಶಂಕರಮ್ಮ. ಗುರುಶಾಂತಮ್ಮನ ಗಂಡ ಷಡಕ್ಷರಿ ನನ್ನ ಅಣ್ಣ. ಮದುವೆಯಾಗಿ ವರ್ಷ ತುಂಬಿ ಸ್ವಲ್ಪ ದಿನಕ್ಕೇ ಗಂಡನನ್ನು ಕಳೆದುಕೊಂಡು ತವರಿಗೆ ವಾಪಸ್ಸು ಬಂದವಳು ನಾನು. ನಮ್ಮ ಊರು ಬುಕ್ಕಾಂಬುಧಿ ಕೆರೆಯಿಂದ ಸ್ವಲ್ಪ ಆಚೆ, ಅಜ್ಜಂಪುರಕ್ಕೆ ಹೋಗುವ ರಸ್ತೆಗೆ ಅಂಟಿಕೊಂಡಿದೆ. ತೆಂಗು, ರಾಗಿ, ಈರುಳ್ಳಿ ಹೊಲ, ನಡುವೆ ಒತ್ತೊತ್ತಾಗಿ ಮನೆಗಳು. ಹಿತ್ತಲಲ್ಲಿ ನಿಂತು ತಲೆ ಎತ್ತಿದರೆ ದೂರದಲ್ಲಿ ಬಾಬಾಬುಡನ್ ಬೆಟ್ಟದ ಸಾಲು. ಆ ಸಾಲಿನ ಮೇಲೆ ಎಲ್ಲೋ ಕೆಮ್ಮಣ್ಣುಗುಂಡಿ ಇದೆ ಎಂದು ಗಂಡಸರು ಹೇಳುತ್ತಿದ್ದರು. ಅವರು ಹೋಗಿ ಬರುತ್ತಿದ್ದರು, ಬಂದು ಚಳಿಯನ್ನೂ ಹೂವನ್ನೂ ಬಣ್ಣಿಸುತ್ತ ಬೀಡಿ ಸೇದುತ್ತಿದ್ದರು. ಹೆಂಗಸು ಬಸ್ಸು ಹತ್ತಬೇಕಾದರೆ ಕಾರಣ ಬೇಕಿತ್ತು. ತವರಾಗಬೇಕು, ಹೆರಿಗೆಯಾಗಬೇಕು, ಯಾರಾದರೂ ಸತ್ತಿರಬೇಕು, ಇಲ್ಲವೇ ದೇವರಿರಬೇಕು. ಸುಮ್ಮನೆ ನೋಡಿಕೊಂಡು ಬರುತ್ತೇನೆ ಎಂದವಳಿಗೆ ತಲೆ ನೆಟ್ಟಗಿದೆಯೇ ಎಂದು ಕೇಳುವ ಕಾಲ ಅದು.

ಅತ್ತಿಗೆ ಹುಟ್ಟಿ ಬೆಳೆದದ್ದು ಕಡೂರು ಸೀಮೆಯಲ್ಲಿ, ಎಮ್ಮೆದೊಡ್ಡಿಯ ಅಂಚಿನ ಒಂದು ಹಳ್ಳಿಯಲ್ಲಿ. ಅಲ್ಲಿ ಅಮೃತಮಹಲ್ ದನಗಳ ಕಾವಲು ಇದೆ. ಬೇಲಿಯಿಲ್ಲದ ಹುಲ್ಲುಗಾವಲು, ಬೂದುಬಣ್ಣದ ಉದ್ದ ಕೊಂಬಿನ ದನಗಳು, ಅವುಗಳಾಚೆ ಆಕಾಶ. ಚಿಕ್ಕಂದಿನಲ್ಲಿ ಅವಳು ಅಪ್ಪನ ಜೊತೆ ಆ ಬಯಲಿನ ದಿಬ್ಬದ ಮೇಲೆ ಕುಳಿತು ಬೆಳಗಿನಿಂದ ಬೈಗಿನವರೆಗೆ ನೋಡುತ್ತಿದ್ದಳಂತೆ. ಏನು ನೋಡುತ್ತಿದ್ದೆ ಎಂದು ನಾನು ಕೇಳಿದರೆ, "ಏನಿರ್ತದೋ ಅದು ಕಣೇ" ಎನ್ನುತ್ತಿದ್ದಳು. ಅಂಥವಳನ್ನು ತಂದು ಕೈ ಚಾಚಿದರೆ ಪಕ್ಕದ ಮನೆ ಗೋಡೆ ತಾಗುವ ನಮ್ಮ ಓಣಿಗೆ ಸೇರಿಸಿದ್ದೆವು. ಹಿತ್ತಲ ಬಾಗಿಲಲ್ಲಿ ನಿಂತು ಬೆಟ್ಟದ ಸಾಲು ನೋಡುತ್ತ ಮೈಮರೆತು ಅವಳು ಉಕ್ಕಿಸಿದ ಹಾಲಿಗೆ ಲೆಕ್ಕವಿಲ್ಲ. ನಮ್ಮ ಅವ್ವ ಕಾಶಮ್ಮ, ಅಂದರೆ ಅವಳ ಅತ್ತೆ, ಒಲೆಯ ಮುಂದೆ ಕುಳಿತು ಗೊಣಗುತ್ತಿದ್ದಳು. "ಆ ಬೆಟ್ಟ ಓಡೋಗ್ತದಾ? ನೋಡಿದ್ದೇ ನೋಡ್ತೀಯಲ್ಲ!"

ಎಪ್ಪತ್ತನಾಲ್ಕನೇ ಇಸವಿಯಲ್ಲಿ ಅವಳಿಗೆ ಒಂದು ಉಪಾಯ ಹೊಳೆಯಿತು. ನಮ್ಮಲ್ಲಿ ಗಂಡನಿಗೋ ಮಕ್ಕಳಿಗೋ ಕಾಯಿಲೆ ಕಸಾಲೆ ಬಂದರೆ ಮುತ್ತೈದೆಯರು ಮುಡಿಪು ಕಟ್ಟುತ್ತಾರೆ. ಅರಿಶಿನದ ಬಟ್ಟೆಯಲ್ಲಿ ಒಂದು ನಾಣ್ಯ ಗಂಟು ಹಾಕಿ, ಇಂಥ ದೇವರಿಗೆ ಬಂದು ಒಪ್ಪಿಸುತ್ತೇನೆ ಎಂದು ಹೇಳಿಕೊಂಡು ದೇವರ ಮನೆಯ ತೊಲೆಗೆ ನೇತುಹಾಕುವುದು. ಒಂದು ಸಲ ಗಂಟು ಬಿತ್ತೆಂದರೆ ಆ ಪ್ರಯಾಣಕ್ಕೆ ಅಡ್ಡ ಬರುವ ಧೈರ್ಯ ಯಾವ ಅತ್ತೆಗೂ ಇಲ್ಲ, ಯಾವ ಗಂಡನಿಗೂ ಇಲ್ಲ. ಅಣ್ಣನಿಗೆ ಆ ವರ್ಷ ಶೀತಜ್ವರ ಬಂದು ಹೋಗಿತ್ತು. ಜ್ವರ ಇಳಿದ ಮೇಲೆ ಅತ್ತಿಗೆ ಅಮೃತಾಪುರದ ಅಮೃತೇಶ್ವರನಿಗೆ ಮುಡಿಪು ಕಟ್ಟಿದಳು. ಇಳಿದ ಜ್ವರಕ್ಕೆ ಯಾಕೆ ಹರಕೆ ಎಂದು ಅವ್ವ ಕೇಳಿದ್ದಕ್ಕೆ, "ತಿರುಗಿ ಬರದೇ ಇರ್ಲಿ ಅಂತ ಅತ್ತೆ" ಎಂದಳು.

ಓಣಿಯ ನಾಲ್ಕಾರು ಹೆಂಗಸರು ಅವಳ ಜೊತೆ ಹೊರಟರು. ಅಲ್ಲಿ ನಡೆದದ್ದನ್ನು ಅವರು ತಿಂಗಳುಗಟ್ಟಲೆ ಹೇಳಿಕೊಂಡು ನಕ್ಕರು. ಆ ಗುಡಿಯ ಮಂಟಪದ ಹೊರಗೋಡೆಯಲ್ಲಿ ಸುತ್ತಲೂ ಕಥೆ ಕೆತ್ತಿದ್ದಾರೆ. ಇವರು ಎಲ್ಲರಂತೆ ಬಲಗೊಂಡು ಸುತ್ತತೊಡಗಿದರೆ ದಕ್ಷಿಣದ ಗೋಡೆಯ ರಾಮಾಯಣ ಹಿಂದುಮುಂದಾಗಿ ಬರುತ್ತಿದೆ! ಲಂಕೆಯ ಯುದ್ಧ ಮೊದಲು, ಕಾಡು ಆಮೇಲೆ, ಮದುವೆ ಕೊನೆಗೆ. "ಇದೇನೇ, ರಾವಣ ಸತ್ತ ಮೇಲೆ ಬಿಲ್ಲು ಮುರೀತಾನಾ ರಾಮ?" ಎಂದು ಒಬ್ಬಳು ಕೇಳಿದಳಂತೆ. ಅತ್ತಿಗೆ ನಿಂತು ನೋಡಿದಳು. ಆಮೇಲೆ ಆ ಗೋಡೆಯ ಇನ್ನೊಂದು ತುದಿಗೆ ಹೋಗಿ, ಅಲ್ಲಿಂದ ಹಿಂದಕ್ಕೆ ಸುತ್ತತೊಡಗಿದಳು. ಕಥೆ ಸರಿಯಾಗಿ ಬಂತು. ಹಿಂದೆಯೇ ಉಳಿದವರೂ ನಡೆದರು. ಗುಡಿಗೆ ಬಂದಿದ್ದ ಯಾರೋ ಹಿರಿಯರು ಓಡಿಬಂದು, ಅಪ್ರದಕ್ಷಿಣೆ ಹಾಕಬಾರದು, ಪಾಪ ಎಂದು ಗದರಿದರಂತೆ. "ಕೆತ್ತಿದೋರಿಗೆ ಬರದ ಪಾಪ ನೋಡಿದೋರಿಗೆ ಯಾಕೆ ಬತ್ತದೆ ಸ್ವಾಮಿ?" ಎಂದು ಹೇಳಿ ಅತ್ತಿಗೆ ಮುಂದಿನ ಕಲ್ಲಿಗೆ ಹೋದಳಂತೆ. ಆವತ್ತು ಅವರು ಒಳಗೆ ಹೋಗಿ ಮುಡಿಪು ಒಪ್ಪಿಸಿದ್ದು ಕೊನೆಯ ಬಸ್ಸಿಗೆ ಹೊತ್ತಾಗುತ್ತದೆ ಎಂದು ನೆನಪಾದ ಮೇಲೆ.

ಅಲ್ಲಿಂದ ಪ್ರತಿ ವರ್ಷ ಸುಗ್ಗಿ ಮುಗಿದ ಮೇಲೆ ನಮ್ಮೂರಿನ ಹೆಂಗಸರ ಭಕ್ತಿ ಒಮ್ಮೆಗೇ ಉಕ್ಕತೊಡಗಿತು. ಒಂದು ವರ್ಷ ಕಲ್ಲತ್ತಿಗಿರಿಯ ವೀರಭದ್ರನಿಗೆ. ಅಲ್ಲಿ ಬಂಡೆಯ ಮೇಲಿನಿಂದ ನೀರು ಧುಮುಕಿ ಗುಡಿಯ ಹತ್ತಿರವೇ ಹರಿಯುತ್ತದೆ. ಇವರೆಲ್ಲ ಸೀರೆ ಉಟ್ಟಂತೆಯೇ ಅದರ ಕೆಳಗೆ ನಿಂತು ಒಬ್ಬರಿಗೊಬ್ಬರು ನೀರೆರಚಿ, ಒದ್ದೆ ಮೈಯಲ್ಲೇ ಬಸ್ಸಿನಲ್ಲಿ ಕೂತು ಬಂದರು. ಮನೆಗೆ ಬಂದ ಮೇಲೆ ಎಲ್ಲರಿಗೂ ನೆಗಡಿ. ಒಬ್ಬರೂ ಗೊಣಗಲಿಲ್ಲ. ಗಂಡಸರು ಮಠದ ಜಗಲಿಯ ಮೇಲೆ ಕುಳಿತು, ಕಾಲ ಕೆಟ್ಟರೂ ನಮ್ಮ ಹೆಣ್ಣುಮಕ್ಕಳು ಕೆಟ್ಟಿಲ್ಲ ಎಂದು ಮೆಚ್ಚಿಕೊಂಡರು.

ನನ್ನನ್ನು ಕರೆದುಕೊಂಡು ಹೋಗಲಿಲ್ಲ. ಅತ್ತಿಗೆಗೆ ಮನಸ್ಸಿಲ್ಲದೆ ಅಲ್ಲ. ಮುಡಿಪು ಕಟ್ಟುವುದು ಗಂಡನ, ಮಕ್ಕಳ ಹೆಸರಿನಲ್ಲಿ, ನನಗೆ ಎರಡೂ ಇರಲಿಲ್ಲ. ನಮ್ಮ ಧರ್ಮದಲ್ಲಿ ಸೂತಕವಿಲ್ಲ, ಮೇಲುಕೀಳಿಲ್ಲ ಎಂದು ಸ್ವಾಮಿಗಳು ಹೇಳುತ್ತಿದ್ದರು. ಆ ಮಾತು ಮಠದ ಬಾಗಿಲು ದಾಟಿ ನಮ್ಮ ನಡುಮನೆಗೆ ಬಂದು ತಲುಪಿರಲಿಲ್ಲ. ಅವರು ಬಂದು ಹೇಳಿದ್ದನ್ನು ಕೇಳಿಕೊಂಡು ನಾನು ರೊಟ್ಟಿ ತಟ್ಟುತ್ತಿದ್ದೆ. ಹೊಟ್ಟೆಕಿಚ್ಚಾಗುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಎಪ್ಪತ್ತೊಂಬತ್ತರ ಸುಗ್ಗಿಗೆ ಅತ್ತಿಗೆ ಕೆಮ್ಮಣ್ಣುಗುಂಡಿಯ ಮೇಲೆ ಕಣ್ಣು ಹಾಕಿದಳು. ಇಷ್ಟು ವರ್ಷ ಹಿತ್ತಲಿನಿಂದ ನೋಡಿದ ಬೆಟ್ಟದ ಮೇಲೆ ನಿಂತು, ಅಲ್ಲಿಂದ ಈ ಕಡೆ ನೋಡಬೇಕೆಂಬುದು ಅವಳ ಆಸೆ. ತೊಂದರೆ ಏನೆಂದರೆ ಅಲ್ಲಿ ದೇವರಿಲ್ಲ. ತೋಟಗಾರಿಕೆಯವರ ಹೂದೋಟವಿದೆ, ಗಾಳಿಯಿದೆ, ಕೆಂಪು ಮಣ್ಣಿದೆ, ಹರಕೆ ಹೊರಲು ಮಾತ್ರ ಏನೂ ಇಲ್ಲ. ಆದರೆ ಕಲ್ಲತ್ತಿಗಿರಿ ಅದೇ ದಾರಿಯಲ್ಲಿದೆಯಲ್ಲ. ಹೆಂಗಸರೆಲ್ಲ ಮತ್ತೊಮ್ಮೆ ವೀರಭದ್ರನಿಗೆ ಮುಡಿಪು ಕಟ್ಟಿದರು. ಒಪ್ಪಿಸಿಬಿಟ್ಟು ಹಾಗೇ ಮೇಲಕ್ಕೆ ಹತ್ತುವುದೆಂದು ಒಳಗೊಳಗೇ ಮಾತಾಯಿತು.

ಗುಟ್ಟು ರಟ್ಟಾದದ್ದು ಬಸ್ಸಿನ ಕಂಡಕ್ಟರ್ ಅಂಜಿನಪ್ಪನಿಂದ. ಪಾಪ, ಅವನಲ್ಲಿ ಕೆಟ್ಟದ್ದಿರಲಿಲ್ಲ, ಬಾಯಿ ಮಾತ್ರ ನಿಲ್ಲುತ್ತಿರಲಿಲ್ಲ. ಲಿಂಗದಹಳ್ಳಿಯಿಂದ ಮೇಲಕ್ಕೆ ಜೀಪು ಸಿಗುತ್ತದೆಯೇ ಎಂದು ಅತ್ತಿಗೆ ಅವನನ್ನು ವಿಚಾರಿಸಿದ್ದಳು. ಅವನು ಹೋಗಿ ನಮ್ಮ ಚಿಕ್ಕಪ್ಪನ ಹತ್ತಿರವೇ, "ನಿಮ್ಮ ಮನೆ ಹೆಣ್ಮಕ್ಳು ಕೆಮ್ಮಣ್ಣುಗುಂಡಿ ನೋಡಕ್ಕೆ ಹೊಂಟವ್ರಂತೆ, ಜೋರಾಯ್ತು ಬಿಡ್ರಿ" ಎಂದುಬಿಟ್ಟ. ಚಿಕ್ಕಪ್ಪ ಕರಿಸಿದ್ದಪ್ಪ ಎಂದರೆ ನಮ್ಮ ತೀರಿಹೋದ ಅಪ್ಪನ ತಮ್ಮ. ಊರಿಗೆ ಹಿರಿಯ, ಮಠದ ಪಾರುಪತ್ಯವೂ ಅವನದೇ. ಕೂಗಾಡುವ ಮನುಷ್ಯನಲ್ಲ. ಕೂಗಾಡಿದ್ದರೆ ಎದುರು ಕೂಗಬಹುದಿತ್ತು.

ಅವನು ನಗುನಗುತ್ತಲೇ ನಮ್ಮ ಪಡಸಾಲೆಗೆ ಬಂದು ಕುಳಿತ. "ಅತ್ತಿಗೆ, ಈ ಸಲ ಹೆಣ್ಮಕ್ಳು ಯಾಕೆ ಬಸ್ಸಿನಾಗೆ ತೊಂದ್ರೆ ಪಡ್ಬೇಕು?" ಎಂದು ತನ್ನ ಅತ್ತಿಗೆಯಾದ ನಮ್ಮ ಅವ್ವನಿಗೆ ಹೇಳಿದ. "ಮುಡಿಪೆಲ್ಲ ಕೊಡ್ರಿ. ನಮ್ಮ ತೀರ್ಥಪ್ಪ ಟ್ರ್ಯಾಕ್ಟರ್‌ನಾಗೆ ಹೋಗಿ ಎಲ್ಲಾರದ್ದೂ ಒಪ್ಸಿ ಬತ್ತಾನೆ. ದೇವ್ರಿಗೆ ಮುಟ್ಟಿದ್ರೆ ಆಯ್ತಲ್ಲ?"

ಏನು ಹೇಳಲು ಬರುತ್ತದೆ? ದೇವರಿಗೆ ಮುಟ್ಟಿದರೆ ಆಯಿತೆಂಬುದು ನಿಜವೇ ತಾನೆ. ಅವ್ವ ಎದ್ದು ತೊಲೆಯಿಂದ ಗಂಟು ಬಿಚ್ಚಿ ಕೊಟ್ಟಳು. ಮನೆಮನೆಯಿಂದಲೂ ಹಳದಿ ಗಂಟುಗಳು ಹೊರಬಂದವು. ಚಿಕ್ಕಪ್ಪನ ಮನೆಯ ಆಳು ತೀರ್ಥಪ್ಪ ಅವನ್ನೆಲ್ಲ ಒಂದು ಚೀಲಕ್ಕೆ ತುಂಬಿಕೊಂಡು ಹೋಗಿ, ಒಪ್ಪಿಸಿ, ಸಂಜೆಗೆ ವಿಭೂತಿ ತಂದು ಹಂಚಿದ. ಹೆಂಗಸರು ವಿಭೂತಿ ಹಚ್ಚಿಕೊಂಡು ಒಲೆ ಹಚ್ಚಿದರು. ಅತ್ತಿಗೆ ಮಾತ್ರ ಆವತ್ತು ಊಟ ಮಾಡಲಿಲ್ಲ.

ಮುಂದಿನ ಸೋಮವಾರ ಮಠದ ಜಗಲಿಯ ಮೇಲೆ ಗಂಡಸರು ಸೇರಿದ್ದಾಗ ಅವಳು ಸೆರಗು ಹೊದ್ದು ನೇರವಾಗಿ ಅಲ್ಲಿಗೆ ಹೋದಳು. ನೀರಿಗೆ ಹೊರಟವಳಂತೆ ಕೊಡ ಹಿಡಿದು ನಾನೂ ಹಿಂದೆ ಹೋದೆ.

"ಮಾವ, ಮುಡಿಪು ಮುಟ್ತಾ?" ಎಂದು ಚಿಕ್ಕಪ್ಪನನ್ನು ಕೇಳಿದಳು.

"ಮುಟ್ತು ಕಣಮ್ಮ, ಸ್ವಾಮಿ ಪಾದಕ್ಕೆ."

"ಒಳ್ಳೇದಾಯ್ತು. ದೇವ್ರ ಋಣ ತೀರ್ತು. ನಾನು ಕೆಮ್ಮಣ್ಣುಗುಂಡಿಗೆ ಹೋಗ್ತಾ ಇದ್ದೀನಿ."

"ಅಲ್ಲಿ ಯಾವ ದೇವ್ರೈತಮ್ಮ?"

"ಯಾವ ದೇವ್ರೂ ಇಲ್ವಂತೆ. ನೋಡಕ್ಕೆ ಹೋಗ್ತೀನಿ."

"ನೋಡಿ?"

"ನೋಡಿ ಬತ್ತೀನಿ."

ಜಗಲಿಯ ಮೇಲೆ ಯಾರೋ ಕಿಸಕ್ಕೆಂದರು. ಚಿಕ್ಕಪ್ಪ ನಗಲಿಲ್ಲ. "ನೋಡಿದ್ರೆ ಏನು ಸಿಗ್ತದೆ ನಿಂಗೆ?"

"ನಿಮ್ಗೆ ಸಿಕ್ಕಿದ್ದೇ ಮಾವ. ಹೋದ್ ವರ್ಷ ನೀವೂ ಹೋಗಿ ಬಂದ್ರಲ್ಲ, ಯಾವ ಮುಡಿಪು ಕಟ್ಕೊಂಡು ಹೋಗಿದ್ರಿ?"

ಈಗ ಯಾರೂ ನಗಲಿಲ್ಲ. ಅವಳು ಅಷ್ಟಕ್ಕೇ ನಿಲ್ಲಿಸಿದ್ದರೆ ಹೆಂಗಸಿನ ಬಾಯಿ ಎಂದು ಬಿಟ್ಟುಬಿಡುತ್ತಿದ್ದರೋ ಏನೋ. ನಿಲ್ಲಿಸಲಿಲ್ಲ. "ಇಷ್ಟು ವರ್ಷ ನಿಮ್ಗೆಲ್ಲ ಸುಳ್ಳು ಹೇಳಿದ್ದೀನಿ. ಅಮೃತಾಪುರಕ್ಕೆ ಹೋಗಿದ್ದು ಗೋಡೆ ನೋಡಕ್ಕೆ. ಕಲ್ಲತ್ತಿಗಿರಿಗೆ ಹೋಗಿದ್ದು ನೀರು ನೋಡಕ್ಕೆ. ದೇವ್ರ ಹೆಸರನ್ನ ಕೊಡೆ ಮಾಡ್ಕೊಂಡಿದ್ದು ತಪ್ಪೇ. ಅವನ ಹತ್ರ ತಪ್ಪಾಯ್ತು ಅಂತ ಕೇಳ್ಕೊಂಡಿದ್ದೀನಿ. ನಿಮ್ಮ ಹತ್ರ ಕೇಳಲ್ಲ. ಇನ್ಮೇಲೆ ಮುಡಿಪು ಕಟ್ಟಲ್ಲ, ಸುಳ್ಳೂ ಹೇಳಲ್ಲ."

ಚಿಕ್ಕಪ್ಪ ಎಲ್ಲರಿಗೂ ಕೇಳುವಂತೆ, ಆದರೆ ದನಿ ಏರಿಸದೆ ಹೇಳಿದ. "ಯಾರು ಹೋಗ್ತಾರೋ ಹೋಗ್ಲಿ. ಕಾಲು ಕಟ್ಟಿಹಾಕಕ್ಕೆ ಆಗಲ್ಲ. ಆದ್ರೆ ಹೋದೋಳನ್ನ ಈ ಊರಿನಾಗೆ ಯಾರೂ ಆರತಿಗೆ ಕರೆಯಂಗಿಲ್ಲ. ಮದ್ವೆ, ಸೀಮಂತ, ತೊಟ್ಲು, ಯಾವುದಕ್ಕೂ."

ಇದು ಎಂಥ ಏಟೆಂದು ಗಂಡಸರಿಗೆ ಅರ್ಥವಾಗಲಿಕ್ಕಿಲ್ಲ. ಆರತಿಗೆ ಕರೆಯದ ಮುತ್ತೈದೆ ಊರಿನಲ್ಲಿದ್ದೂ ಇಲ್ಲದವಳು. ಅದರಲ್ಲೂ ಅತ್ತಿಗೆಯ ಕಂಠ ಚೆನ್ನಾಗಿತ್ತು. ಅವಳು ಹಾಡದೆ ನಮ್ಮೂರಿನಲ್ಲಿ ಒಂದು ಮಗುವನ್ನು ತೊಟ್ಟಿಲಿಗೆ ಹಾಕಿರಲಿಲ್ಲ. "ಸರಿ ಮಾವ" ಎಂದು ಹೇಳಿ ತಿರುಗಿ ನಡೆದಳು. ಜೊತೆಗೆ ಬರುತ್ತೇನೆ ಎಂದಿದ್ದ ಹೆಂಗಸರೆಲ್ಲ ಆವತ್ತೇ ಹಿಂದೆ ಸರಿದರು. ಅವರನ್ನು ನಾನು ಬೈಯುವುದಿಲ್ಲ. ಒಬ್ಬಳಿಗೆ ಬಸುರಿ ಮಗಳಿದ್ದಳು, ಇನ್ನೊಬ್ಬಳ ಮನೆಯಲ್ಲಿ ಮದುವೆ ಗೊತ್ತಾಗಿತ್ತು.

ಹೊರಡುವ ದಿನ ಅಣ್ಣ ಬುತ್ತಿಯ ಚೀಲ ಹಿಡಿದು ತಾನೂ ಚಪ್ಪಲಿ ಮೆಟ್ಟಿದ. ಅವನು ಮಾತು ಕಡಿಮೆ, ಹೆಂಡತಿಯ ಮೇಲೆ ಪ್ರಾಣ. ಅವಳು ಅವನ ಕೈಯಿಂದ ಚೀಲ ತೆಗೆದುಕೊಂಡಳು. "ನೀವು ಬಂದ್ರೆ ಗಂಡ ಕರ್ಕೊಂಡು ಹೋದ ಅಂತಾರೆ. ನಾನೇ ಹೋದೆ ಅಂತ ಆಗ್ಬೇಕು." ಅಣ್ಣ ಚಪ್ಪಲಿ ಬಿಟ್ಟು ಜಗಲಿಯ ಮೇಲೆ ಕುಳಿತುಕೊಂಡ.

ನಾನು ಅಡುಗೆಮನೆಯಲ್ಲಿ ಹಿಟ್ಟು ನಾದುತ್ತಿದ್ದೆ. ಚಿಕ್ಕಪ್ಪನ ಮಾತು ಕಿವಿಯಲ್ಲಿ ತಿರುಗುತ್ತಲೇ ಇತ್ತು. ಆರತಿಗೆ ಕರೆಯುವುದಿಲ್ಲವಂತೆ. ಇದ್ದಕ್ಕಿದ್ದಂತೆ ನನಗೆ ನಗು ಬಂತು, ತಡೆಯಲಾಗದಷ್ಟು ಬಂತು. ಅಯ್ಯಾ ಪುಣ್ಯಾತ್ಮ, ನನ್ನನ್ನು ಯಾವತ್ತು ಕರೆದಿದ್ದೆ? ಗಂಡ ಸತ್ತ ದಿನದಿಂದ ನಾನು ಯಾವ ಆರತಿಯ ಹತ್ತಿರವೂ ಸುಳಿದಿಲ್ಲ. ಊರನ್ನೆಲ್ಲ ಹೆದರಿಸಿದ ಆ ಬೆದರಿಕೆಯಲ್ಲಿ ನನ್ನಿಂದ ಕಿತ್ತುಕೊಳ್ಳಲು ಏನೂ ಇರಲಿಲ್ಲ. ನಮ್ಮಂಥವರೂ ಊರಿನಲ್ಲಿದ್ದೇವೆ ಎನ್ನುವುದೇ ಅವನಿಗೆ ಮರೆತುಹೋಗಿತ್ತು. ನಾನು ಕೈ ತೊಳೆದು, ಇದ್ದ ಸೀರೆಯಲ್ಲೇ ಓಡಿದೆ.

ಬಾವಿಯ ಹತ್ತಿರ ಹುಚ್ಚಮ್ಮ ನೀರು ಸೇದುತ್ತಿದ್ದಳು. ಅವಳೂ ನನ್ನ ಹಾಗೆಯೇ, ಆದರೆ ನನಗಿಂತ ಹಿರಿಯಳು.

"ಎಲ್ಲಿಗೇ ಓಡ್ತಾ ಇದ್ದೀಯಾ?"

"ಕೆಮ್ಮಣ್ಣುಗುಂಡಿ ನೋಡಕ್ಕೆ. ಬಂದ್ರೆ ಆರತಿಗೆ ಕರೆಯಲ್ವಂತೆ!"

ಹುಚ್ಚಮ್ಮ ನನ್ನ ಮುಖವನ್ನೇ ನೋಡಿದಳು. ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಹಗ್ಗ ಕೈಬಿಟ್ಟು, ಹೊಟ್ಟೆ ಹಿಡಿದುಕೊಂಡು ನಕ್ಕಳು. "ತಡಿಯೇ, ಭಾಗಮ್ಮನ್ನೂ ಕರೀತೀನಿ" ಎಂದಳು.

ಬಸ್ಸು ಬಂದು ನಿಂತಾಗ ಅತ್ತಿಗೆಯ ಸುತ್ತ ನಾವು ಆರು ಜನ ಇದ್ದೆವು. ಊರಿನಲ್ಲಿ ಕುಂಕುಮವಿಲ್ಲದ ಹಣೆಗಳು ಇಷ್ಟಿವೆಯೆಂದು ನನಗೂ ಆವತ್ತೇ ಗೊತ್ತಾದದ್ದು. ಅತ್ತಿಗೆ ಒಬ್ಬೊಬ್ಬರನ್ನೇ ಮುಟ್ಟಿ ಮುಟ್ಟಿ ಬಸ್ಸಿಗೆ ಹತ್ತಿಸಿದಳು. ಅಂಜಿನಪ್ಪ ಸೀಟಿ ಊದುವುದರಲ್ಲಿದ್ದ, ಅಷ್ಟರಲ್ಲಿ ಓಣಿಯ ಕಡೆಯಿಂದ ಕೂಗು ಕೇಳಿಸಿತು. "ನಿಲ್ಸೋ, ಅಂಜಿನಪ್ಪ!"

ಅವ್ವ ಕೋಲೂರಿಕೊಂಡು ಬರುತ್ತಿದ್ದಳು. ಬೇಡವೆಂದು ಕರೆದೊಯ್ಯಲು ಬಂದಳೆಂದೇ ನಾವು ತಿಳಿದದ್ದು. ಅವಳು ಮೆಟ್ಟಿಲಿಗೆ ಕಾಲಿಟ್ಟು, "ಕೈ ಕೊಡೇ ಶಂಕ್ರಿ" ಎಂದಳು.

"ಅತ್ತೆ, ನೀವಾ?" ಎಂದಳು ಅತ್ತಿಗೆ. "ಮುಡಿಪು ನೀವೇ ಬಿಚ್ಚಿ ಕೊಟ್ರಲ್ಲ!"

"ಮುಡಿಪು ದೇವ್ರದ್ದು, ಕೊಟ್ಟೆ. ಕಾಲು ನಂದು. ನಿನ್ನ ಮಾವ ಹೋದ ಮೇಲೆ ನನ್ನನ್ನ ಯಾವ ಆರತಿಗೆ ಕರೆದವ್ರೆ? ಕರಿಸಿದ್ದ ನನ್ನ ಹತ್ರ ಕಿತ್ಕೊಳಕ್ಕೆ ಏನು ಉಳ್ಸವ್ನೆ? ಜಾಗ ಬಿಡು, ಕಿಟಕಿ ಹತ್ರ ಕೂರ್ಬೇಕು."

ತರೀಕೆರೆಯಲ್ಲಿ ಬಸ್ಸು ಬದಲಿಸಿ ಲಿಂಗದಹಳ್ಳಿಗೆ ಹೋದೆವು. ಅಲ್ಲಿಂದ ಒಂದು ಜೀಪಿನಲ್ಲಿ ಒಬ್ಬರ ತೊಡೆಯ ಮೇಲೊಬ್ಬರು ಕುಳಿತು ಬೆಟ್ಟ ಹತ್ತಿದೆವು. ದಾರಿಯುದ್ದಕ್ಕೂ ತಿರುವು, ಕಾಡು, ಕಾಫಿ ತೋಟ. ಭಾಗಮ್ಮನಿಗೆ ಹೊಟ್ಟೆ ತೊಳೆಸಿ ಎರಡು ಕಡೆ ಜೀಪು ನಿಲ್ಲಿಸಬೇಕಾಯಿತು. ಮೇಲೆ ಹೋಗಿ ಇಳಿದಾಗ ಗಾಳಿ ನಮ್ಮ ಸೆರಗುಗಳನ್ನು ಕಿತ್ತುಕೊಂಡಿತು. ಗುಲಾಬಿ ತೋಟ ನೋಡಿದೆವು. ಒಂದೊಂದು ಹೂ ಬೊಗಸೆಯಷ್ಟು. ಅದನ್ನು ಯಾವ ದೇವರಿಗೂ ಏರಿಸದೆ, ಯಾರ ತಲೆಗೂ ಮುಡಿಸದೆ ಗಿಡದಲ್ಲೇ ಬಿಟ್ಟಿದ್ದರು. ನನಗೆ ಅದು ಬಹಳ ಹಿಡಿಸಿತು.

ಆಮೇಲೆ ಬೆಟ್ಟದ ಅಂಚಿಗೆ ಹೋದೆವು. ಕೆಳಗೆ ಬಯಲು ಬಿಸಿಲಿನಲ್ಲಿ ಹರಡಿಕೊಂಡಿತ್ತು. ಅಲ್ಲಲ್ಲಿ ಕೆರೆಗಳು ಹೊಳೆಯುತ್ತಿದ್ದವು. ಅತ್ತಿಗೆ ಒಂದು ಬಂಡೆಯ ಮೇಲೆ ಕುಳಿತಳು, ಬುತ್ತಿ ಬಿಚ್ಚಿದಾಗಲೂ ಏಳಲಿಲ್ಲ. ನಮ್ಮ ಕೆರೆ ಯಾವುದೆಂದು ಉಳಿದವರಲ್ಲಿ ದೊಡ್ಡ ಜಗಳವೇ ಆಯಿತು. ಅಷ್ಟು ದೂರದ್ದು ಕಾಣುತ್ತದೆಯೋ ಇಲ್ಲವೋ ಯಾರಿಗೆ ಗೊತ್ತು. ಅವ್ವ ಮಾತ್ರ ಉಗುರಿನಷ್ಟು ಹೊಳಪೊಂದಕ್ಕೆ ಕೋಲು ತೋರಿಸಿ, "ಅದೇ ನಮ್ಮ ಕೆರೆ" ಎಂದು ತೀರ್ಮಾನ ಮಾಡಿದಳು. ತುಂಬ ಹೊತ್ತು ನೋಡಿದ ಮೇಲೆ ಹೇಳಿದಳು, "ಇಷ್ಟೇನಾ ನಮ್ಮೂರು? ಇಷ್ಟಕ್ಕೆ ಅಷ್ಟು ಹೆದರ್ಕೊಂಡು ಬಾಳಿದ್ನಾ ನಾನು?"

ಹುಚ್ಚಮ್ಮ ಅವಳ ಕೈಗೆ ರೊಟ್ಟಿ ಕೊಟ್ಟಳು.

ಚಿಕ್ಕಪ್ಪ ಆಡಿದ್ದನ್ನು ಮಾಡಿ ತೋರಿಸಿದ. ಬಂದ ತಿಂಗಳೇ ಎದುರು ಮನೆಯಲ್ಲಿ ತೊಟ್ಟಿಲ ಶಾಸ್ತ್ರ. ನಮ್ಮ ಬಾಗಿಲು ಬಿಟ್ಟು ಓಣಿಯ ಎಲ್ಲ ಬಾಗಿಲಿಗೂ ಅರಿಶಿನ ಕುಂಕುಮ ಹಿಡಿದು ಕರೆಯಲು ಹೋದರು. ಒಳಗಿನಿಂದ ಯಾರೋ ರಾಗ ತಪ್ಪಿ ಹಾಡುವುದು ಕೇಳುತ್ತಿತ್ತು. ಅತ್ತಿಗೆ ಒರಳಿನ ಮುಂದೆ ಕುಳಿತು ಚಟ್ನಿ ರುಬ್ಬುತ್ತಿದ್ದಳು, ಕಣ್ಣೀರು ಒರಳಿಗೇ ಬೀಳುತ್ತಿತ್ತು. ನಾನು ಹತ್ತಿರ ಹೋದೆ. "ಅಳು ಬತ್ತದೆ, ಬರ್ಲಿ ಬಿಡು" ಎಂದಳು. "ಹಂಗಂತ ನೋಡಿದ್ದನ್ನ ವಾಪಸ್ ಕೊಡಲ್ಲ."

ಕೊಡಲಿಲ್ಲ. ಮುಂದಿನ ವರ್ಷ ಅವಳು ನಮ್ಮನ್ನೆಲ್ಲ ಎಮ್ಮೆದೊಡ್ಡಿಗೆ ಕರೆದೊಯ್ದು ತನ್ನ ದಿಬ್ಬದ ಮೇಲೆ ಕೂರಿಸಿದಳು. ಅದರ ಮುಂದಿನ ವರ್ಷ ಅಮೃತಾಪುರದ ಗೋಡೆಯ ಸುತ್ತ ನಾನೂ ಹಿಂದುಮುಂದಾಗಿ ಸುತ್ತಿ ರಾಮಾಯಣ ನೋಡಿದೆ. ಮುತ್ತೈದೆಯರು ಬಾಗಿಲ ಸಂದಿಯಿಂದ ನಮ್ಮನ್ನು ನೋಡುತ್ತಿದ್ದರು. ಊರಿನಲ್ಲಿ ಹೆಂಗಸರು ನಮ್ಮ ಬಗ್ಗೆ ಹೊಟ್ಟೆಕಿಚ್ಚು ಪಟ್ಟದ್ದು ಅದೇ ಮೊದಲು.

ಎಂಬತ್ತನಾಲ್ಕರಲ್ಲಿ ಚಿಕ್ಕಪ್ಪನ ಮೊಮ್ಮಗಳ ಮದುವೆ ಗೊತ್ತಾಯಿತು. ಗಂಡಿನ ಕಡೆಯವರು ಕಡೂರಿನ ದೊಡ್ಡ ವ್ಯಾಪಾರಸ್ಥರು. ಚಿಕ್ಕಪ್ಪ ತಾನೇ ನಮ್ಮ ಮನೆಗೆ ಬಂದ. ವಯಸ್ಸಾಗಿತ್ತು, ದನಿ ಮೆತ್ತಗಾಗಿತ್ತು. "ಆಗಿದ್ದು ಆಯ್ತು ಗುರುಶಾಂತಮ್ಮ. ಮಠದ ಗದ್ದಿಗೆ ಮುಂದೆ ಒಂದು ಕಾಯಿ ಒಡೆದು ತಪ್ಪಾಯ್ತು ಅಂದ್ಬಿಡು. ಬಂದು ನಮ್ಮ ಹುಡ್ಗಿಗೆ ಆರತಿ ಎತ್ತು. ನಿನ್ನಂಗೆ ಹಾಡೋರು ಯಾರವ್ರೆ?"

ಅವಳಿಗೆ ಆಸೆಯಾಯಿತು. ನಾನು ಕಂಡೆ. ಕೈಗಳು ಸೆರಗಿನ ಅಂಚನ್ನು ಸುತ್ತುತ್ತಿದ್ದವು. "ಬತ್ತೀನಿ ಮಾವ" ಎಂದಳು. "ಆದ್ರೆ ಕಾಯಿ ಒಡೆಯಲ್ಲ. ಇನ್ನೊಂದು ಮಾತು. ಶಂಕ್ರಮ್ಮನೂ ನನ್ನ ಜೊತೆ ತಟ್ಟೆ ಹಿಡೀತಾಳೆ. ಅತ್ತೇನೂ ಹಿಡೀತಾರೆ. ನನ್ನ ಜೊತೆ ಬೆಟ್ಟ ಹತ್ತಿದೋರೆಲ್ಲ ಹಿಡೀತಾರೆ."

ಚಿಕ್ಕಪ್ಪ ಎದ್ದು ನಿಂತ. ಕೊಟ್ಟ ಮಜ್ಜಿಗೆಯನ್ನು ಮುಟ್ಟಲಿಲ್ಲ. ಬಾಗಿಲ ಹತ್ತಿರ ತಿರುಗಿ, "ನಿಂಗೆ ಬುದ್ಧಿ ಬರಲ್ಲ" ಎಂದಷ್ಟೇ ಹೇಳಿ ಹೋದ. ಅವನು ಹೋದ ಮೇಲೆ ಅತ್ತಿಗೆ ಆ ಮಜ್ಜಿಗೆಯನ್ನು ತಾನೇ ಕುಡಿದು, "ಮದ್ವೆ ದಿನ ನಮ್ಗೇನು ಕೆಲ್ಸ ಇಲ್ಲಿ? ಅಯ್ಯನಕೆರೆಗೆ ಹೋಗಣ ನಡೀರಿ" ಎಂದಳು.

ಹೀಗಾಗಿ ಮದುವೆಯ ಬೆಳಿಗ್ಗೆ ನಾವೆಲ್ಲ ಬುತ್ತಿ ಕಟ್ಟಿಕೊಂಡು ಊರ ಬಾಗಿಲಿನ ಬಸ್ ಸ್ಟಾಪಿನಲ್ಲಿ ನಿಂತಿದ್ದೆವು. ಬಸ್ಸು ತಡವಾಯಿತು. ದಿಬ್ಬಣ ಬೇಗ ಬಂತು. ಬ್ಯಾಂಡ್ ಸೆಟ್ಟಿನ ಸದ್ದಿನೊಡನೆ ಅಲಂಕಾರ ಮಾಡಿದ ಕಾರು ರಸ್ತೆಯ ತಿರುವಿನಲ್ಲಿ ಕಾಣಿಸಿತು. ಎದುರುಗೊಳ್ಳಲು ಊರ ಕಡೆಯಿಂದ ಆರತಿ ಹಿಡಿದ ಮುತ್ತೈದೆಯರು ಬಂದರು, ಮುಂದೆ ಚಿಕ್ಕಪ್ಪ. ನಡುವೆ ನಾವು.

ಇಂಥ ಹೊತ್ತಿನಲ್ಲಿ ನಮ್ಮಂಥವರು ಮಾಡಬೇಕಾದದ್ದು ಏನೆಂದು ಯಾರೂ ಹೇಳಿಕೊಡಬೇಕಿಲ್ಲ. ಮದುಮಗ ದಾಟುವವರೆಗೆ ಮುಖ ತಿರುಗಿಸಿ ಗೋಡೆ ನೋಡುತ್ತ ನಿಲ್ಲಬೇಕು. ನಮ್ಮ ಮುಖ ಅವನ ಕಣ್ಣಿಗೆ ಬೀಳಬಾರದು. ಎಷ್ಟು ಸಲ ನಿಂತಿದ್ದೆವೋ. ಸ್ಕೂಲಿನ ಕಾಂಪೌಂಡು ಪಕ್ಕದಲ್ಲೇ ಇತ್ತು. ಹುಚ್ಚಮ್ಮ ಆಗಲೇ ಅರ್ಧ ತಿರುಗಿದ್ದಳು, ನನ್ನ ಕಾಲುಗಳೂ ತಾವಾಗಿಯೇ ತಿರುಗುತ್ತಿದ್ದವು.

"ತಿರುಗಬ್ಯಾಡ್ರಿ" ಎಂದಳು ಅತ್ತಿಗೆ.

ಬ್ಯಾಂಡು ನಿಂತಿತು. ಚಿಕ್ಕಪ್ಪ ಮುಂದೆ ಬಂದು ಹಲ್ಲು ಕಚ್ಚಿ ಹೇಳಿದ, "ಗುರುಶಾಂತಮ್ಮ, ಇವ್ರನ್ನ ಆಚೆ ತಿರುಗಿ ನಿಲ್ಲಕ್ಕೆ ಹೇಳು. ಶುಭ ಗಳಿಗೆ."

"ಹೇಳಲ್ಲ ಮಾವ. ನೋಡಕ್ಕೆ ಅಂತ ಮನೆ ಬಿಟ್ಟು ಬಂದವ್ರೆ. ಗೋಡೆ ಯಾಕೆ ನೋಡ್ಬೇಕು?"

ಚಿಕ್ಕಪ್ಪ ಅವ್ವನ ಕಡೆ ತಿರುಗಿ ಕೈ ಮುಗಿದ. "ಅತ್ತಿಗೆ, ನೀವಾದ್ರೂ..."

ಅವ್ವ ಕೋಲನ್ನು ನೆಲಕ್ಕೆ ಗಟ್ಟಿಯಾಗಿ ಊರಿದಳು. "ನಿನ್ನನ್ನ ಎತ್ತಿ ಆಡ್ಸುವಾಗ ನೀನು ನೋಡಿದ್ದು ಇದೇ ಮುಖ ಕಣೋ ಕರಿಸಿದ್ದ. ಆಗ ನಿಂಗೇನೂ ಆಗ್ಲಿಲ್ಲ."

ಅವನು ಬದಿಗೆ ಸರಿದ. ಕಾರು ನಿಧಾನವಾಗಿ ನಮ್ಮ ಮುಂದೆಯೇ ಬಂತು. ಅತ್ತಿಗೆ ನನ್ನ ಕೈ ಹಿಡಿದಿದ್ದಳು. ನಾನು ತಲೆ ಎತ್ತಿದೆ. ನನ್ನ ಮದುವೆಯ ದಿನದಿಂದೀಚೆಗೆ ನಾನು ಎದುರಿನಿಂದ ನೋಡಿದ ಮೊದಲ ಮದುಮಗ ಅವನು. ಬಾಸಿಂಗದ ಕೆಳಗಿನ ಹಣೆಯನ್ನು, ಮೂಗನ್ನು, ಈಗಷ್ಟೇ ಮೂಡಿದ ಮೀಸೆಯನ್ನು, ಒಂದೊಂದನ್ನೂ ಬಿಡದೆ ನೋಡಿದೆ. ಅವನೂ ಕಿಟಕಿಯಿಂದ ನನ್ನನ್ನು ನೋಡಿದ.

ಹುಡುಗ ಲಕ್ಷಣವಾಗಿದ್ದ. ಈಗ ಆ ಗಂಡ ಹೆಂಡತಿಗೆ ಮೊಮ್ಮಕ್ಕಳಾಗಿದ್ದಾರೆ.